ಚರ್ಚು ಇವರದು, ಜಾಗ ಯಾರ ಹೆಸರಲ್ಲಿ?

ನಿಮ್ಮಲ್ಲಿ ಹಲವರು ದಾನಶಾಸನ ಓದಿದವರು. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಭೂಮಿ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಏನು, ಸಾಕ್ಷಿ ಯಾರು ಎಂದು ಕಣ್ಣು ತಾನಾಗಿಯೇ ಹುಡುಕುತ್ತದೆ. ಅದೇ ಕಣ್ಣಿನಿಂದ ಇವತ್ತು ನ್ಯೂಯಾರ್ಕಿನ ಒಂದು ಶಾಸನ ನೋಡೋಣ. ಈಗ ಷೇರುಪೇಟೆಗೆ ಹೆಸರಾದ ವಾಲ್ ಸ್ಟ್ರೀಟಿನಲ್ಲಿ 18ನೇ ಶತಮಾನದಲ್ಲಿ ಪ್ರೆಸ್ಬಿಟೇರಿಯನ್ನರ ಚರ್ಚು ಇತ್ತು. ಬಿಷಪ್ಪರಿಲ್ಲದೆ, ಬೋಧಕರೂ ಹಿರಿಯರೂ ಸೇರಿ ಆಡಳಿತ ನಡೆಸುವ ಪ್ರೊಟೆಸ್ಟಂಟ್ ಪಂಥ ಇದು. 1748ರಲ್ಲಿ ಅದನ್ನು ಕಲ್ಲಿನಲ್ಲಿ ದೊಡ್ಡದಾಗಿ ಕಟ್ಟಿದರು. 80 ಅಡಿ ಉದ್ದ, 60 ಅಡಿ ಅಗಲ, ಗೋಪುರ 145 ಅಡಿ. ಬೀದಿ ಕಡೆಯ ಗೋಡೆಯಲ್ಲಿ ಎರಡು ಉದ್ದ ಕಿಟಕಿಗಳ ನಡುವೆ ಆರಡಿಯ ಕಪ್ಪು ಸ್ಲೇಟುಕಲ್ಲು, ಅದರಲ್ಲಿ ಚಿನ್ನದ ಲೇಪದ ಲ್ಯಾಟಿನ್ ಅಕ್ಷರ. 1719ರಲ್ಲಿ ಮೊದಲು ಸ್ಥಾಪಿಸಿದ್ದು, 1748ರಲ್ಲಿ ಇನ್ನೂ ವಿಶಾಲವಾಗಿ ಕಟ್ಟಿದ್ದು, ನ್ಯೂಯಾರ್ಕಿನ ಪ್ರೆಸ್ಬಿಟೇರಿಯನ್ನರು ತಮ್ಮ ಮತ್ತು ತಮ್ಮವರ ಬಳಕೆಗಾಗಿ ಕಟ್ಟಿಕೊಂಡದ್ದು ಎಂದು ಅದರ ಸಾರ.

ಬಳಕೆಗಾಗಿ ಎಂದಿದೆ, ಒಡೆತನದ ಮಾತಿಲ್ಲ. ಆ ಕಲ್ಲು ಕೂರಿಸುವ ಹೊತ್ತಿಗೆ ಆ ಜಾಗದ ಕಾನೂನುಬದ್ಧ ಮಾಲೀಕರು ನ್ಯೂಯಾರ್ಕಿನಲ್ಲಿ ಇರಲೇ ಇಲ್ಲ. ಅಟ್ಲಾಂಟಿಕ್ ಸಾಗರದ ಆಚೆ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಇದ್ದರು. ಇದು ಹೇಗಾಯಿತು ಎನ್ನುವುದೇ ಇವತ್ತಿನ ವಿಷಯ.

ಮೊದಲು ಇಸವಿಗಳ ಗೊಂದಲ ಬಿಡಿಸಿಕೊಳ್ಳೋಣ. ಕಲ್ಲು 1719 ಎನ್ನುತ್ತದೆ. ಅದೇ ಚರ್ಚು ಇಂದು ತನ್ನ ಹುಟ್ಟು 1716 ಎನ್ನುತ್ತದೆ. 1707ರಿಂದ ಕಥೆ ಶುರು ಮಾಡುವವರೂ ಇದ್ದಾರೆ. ಯಾರದೂ ತಪ್ಪಲ್ಲ, ಒಂದೊಂದು ವರ್ಷ ಒಂದೊಂದು ಬಗೆಯ ದಾಖಲೆಯ ಮೇಲೆ ನಿಂತಿದೆ. 1707ರ ಜನವರಿಯಲ್ಲಿ ಫ್ರಾನ್ಸಿಸ್ ಮೆಕೆಮಿ ಎಂಬ ಬೋಧಕ ಪರ್ಲ್ ಸ್ಟ್ರೀಟಿನ ಒಂದು ಖಾಸಗಿ ಮನೆಯಲ್ಲಿ ಉಪದೇಶ ಮಾಡಿದ. ನ್ಯೂಯಾರ್ಕ್ ಆಗ ಇಂಗ್ಲಿಷರ ವಸಾಹತು. ಪರವಾನಗಿ ಇಲ್ಲದೆ ಬೋಧಿಸಿದ್ದಕ್ಕೆ ಅಲ್ಲಿನ ಗವರ್ನರ್ ಲಾರ್ಡ್ ಕಾರ್ನ್‌ಬರಿ ಅವನನ್ನು ಜೈಲಿಗೆ ಹಾಕಿಸಿದ. ಜೂನಿನಲ್ಲಿ ವಿಚಾರಣೆ ನಡೆದು ನಿರ್ದೋಷಿ ಎಂದು ತೀರ್ಪಾಯಿತು. ಆದರೂ ಖರ್ಚು 83 ಪೌಂಡು 7 ಷಿಲಿಂಗು 6 ಪೆನ್ಸು ಅವನೇ ಕಟ್ಟಬೇಕಾಯಿತು. ಇದು ನ್ಯಾಯಾಲಯದ ದಾಖಲೆ. ಅಲ್ಲಿ ಆರಾಧಕರಿದ್ದರು ಎಂದು ಹೇಳುತ್ತದೆ, ಸಭೆ, ಅಂದರೆ ಒಂದು ಚರ್ಚಿನ ಸಂಘಟಿತ ಭಕ್ತಸಮುದಾಯ, ಇತ್ತು ಎಂದು ಹೇಳುವುದಿಲ್ಲ. 1716 ಸಭೆಯಾಗಿ ಕೂಡಿಕೊಂಡ ವರ್ಷ. ಮರುವರ್ಷ ಸ್ಕಾಟ್ಲೆಂಡ್ ಮೂಲದ ಜೇಮ್ಸ್ ಆಂಡರ್ಸನ್ ಅವರನ್ನು ಸಭಾಪಾಲಕರನ್ನಾಗಿ ಕರೆದರು. 1719 ಕಟ್ಟಡದ್ದು. ಹಾಗೆಯೇ 1784 ಕೂಡ ಒಂದು ಹುಟ್ಟಿದ ವರ್ಷವೇ, ಅದು ಕಾನೂನಿನ ಕಣ್ಣಿನಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಜಾಗ ಕೊಂಡವರು ನಾಲ್ಕು ಜನ: ಡಾಕ್ಟರ್ ಜಾನ್ ನಿಕೊಲ್, ಪ್ಯಾಟ್ರಿಕ್ ಮಕ್‌ನೈಟ್, ಗಿಲ್ಬರ್ಟ್ ಲಿವಿಂಗ್‌ಸ್ಟನ್, ಥಾಮಸ್ ಸ್ಮಿತ್. ಕ್ರಯಪತ್ರ ಇವರ ಹೆಸರಿನಲ್ಲಿ. ಸಭೆಯ ಹೆಸರಿನಲ್ಲಿ ಏಕಿಲ್ಲ? ಇಂಗ್ಲಿಷ್ ಕಾನೂನಿನಲ್ಲಿ ನೂರು ಜನ ಸೇರಿ ಪ್ರಾರ್ಥಿಸಿದರೆ ಅದು ನೂರು ಜನ ಅಷ್ಟೇ, ನೂರೊಂದನೆಯ ವ್ಯಕ್ತಿಯೊಬ್ಬ ಹುಟ್ಟುವುದಿಲ್ಲ. ಜಮೀನು ಹಿಡಿಯಲು, ದಾವೆ ಹೂಡಲು, ಮೊಹರು ಒತ್ತಲು ರಾಜನ ಸನ್ನದು, ಅಂದರೆ ಸಭೆಯನ್ನು ಕಾನೂನಿನ ವ್ಯಕ್ತಿಯಾಗಿಸುವ ಅಧಿಕಾರಪತ್ರ, ಬೇಕು. ನಮ್ಮಲ್ಲಿ ದೇವರ ಹೆಸರಿನಲ್ಲೇ ಇನಾಂ ಜಮೀನು ಇರುತ್ತಿತ್ತು, ವಿಗ್ರಹವನ್ನು ನ್ಯಾಯಾಲಯಗಳು ಕಾನೂನಿನ ವ್ಯಕ್ತಿ ಎಂದು ಒಪ್ಪಿವೆ, ಅರ್ಚಕ ಸತ್ತರೂ ಆಸ್ತಿ ಅಲುಗುವುದಿಲ್ಲ. ಅಲ್ಲಿ ಆ ಅನುಕೂಲ ಇರಲಿಲ್ಲ. ಅದೇ ಬೀದಿಯ ತುದಿಯಲ್ಲಿದ್ದ ಆಂಗ್ಲಿಕನ್ನರ (ಇಂಗ್ಲೆಂಡಿನ ಅಧಿಕೃತ ಚರ್ಚಿನವರ) ಟ್ರಿನಿಟಿ ಚರ್ಚಿಗೆ ಮಾತ್ರ 1697ರಲ್ಲೇ ಸನ್ನದು ಸಿಕ್ಕಿತ್ತು, 1705ರಲ್ಲಿ ರಾಣಿಯ ಹೆಸರಿನ ದೊಡ್ಡ ಹೊಲವೂ ಸಿಕ್ಕಿತು. ಒಬ್ಬರಿಗೆ ಮೊಹರು ಇದೆ, ಇನ್ನೊಬ್ಬರಿಗೆ ನಾಲ್ಕು ಜನರ ಸಹಿ ಇದೆ.

ನಾಲ್ಕು ಜನರ ಹೆಸರಿನಲ್ಲಿ ಇದ್ದರೆ ಏನು ಕೆಡುತ್ತದೆ? ಜಂಟಿ ಹಕ್ಕಿನಲ್ಲಿ ಒಬ್ಬ ಸತ್ತರೆ ಅವನ ಪಾಲು ಉಳಿದವರಿಗೆ ಸೇರುತ್ತದೆ. ಅಲ್ಲಿಯವರೆಗೆ ಸರಿ. ಕೊನೆಯವನು ಸತ್ತಾಗ ಇಡೀ ಜಾಗ ಅವನ ವಾರಸುದಾರನಿಗೆ ಇಳಿಯುತ್ತದೆ. ಆ ವಾರಸುದಾರ ಚಿಕ್ಕ ಹುಡುಗನಾಗಿರಬಹುದು, ಬೇರೆ ಪಂಥದವನಾಗಿರಬಹುದು. ಸಾಲ ಕೊಟ್ಟವರ ಕಾಟವೂ ಉಂಟು. ಕಟ್ಟಡಕ್ಕೆ ದೇಣಿಗೆ ಸಾಲದೆ ಹೋದಾಗ ಕೈಯಿಂದ ಹಾಕುವವರು, ಜಾಮೀನು ನಿಲ್ಲುವವರು ಇದೇ ಹೆಸರಿರುವ ಜನ. ಹಾಗಾಗಿ ಸಭೆಯ ಸಾಲ ಯಾವುದು, ಅವರ ಸ್ವಂತ ಸಾಲ ಯಾವುದು ಎಂದು ಲೆಕ್ಕಪುಸ್ತಕದಲ್ಲಿ ಬೆರೆತುಹೋಗುತ್ತದೆ. ವಾಲ್ ಸ್ಟ್ರೀಟ್ ಸಭೆಯಲ್ಲೂ ಹಣದ ಮತ್ತು ಆಡಳಿತದ ಜಗಳ ಎದ್ದು, 1722ರಲ್ಲಿ ಒಂದು ಗುಂಪು ಬೇರೆಯಾಯಿತು. ಅವರು ಕರೆಸಿಕೊಂಡ ಬೋಧಕ ಹತ್ತೊಂಬತ್ತರ ಹರೆಯಕ್ಕೂ ಮುಟ್ಟದಿದ್ದ ಜೊನಾಥನ್ ಎಡ್ವರ್ಡ್ಸ್, ಮುಂದೆ ಅಮೆರಿಕದ ಬಹು ದೊಡ್ಡ ದೈವಶಾಸ್ತ್ರಜ್ಞ ಎನಿಸಿಕೊಂಡವರು. ಎಂಟು ತಿಂಗಳು ಇದ್ದು ಹೊರಟುಹೋದರು. ಆ ಗುಂಪು ಉಳಿಯಲಿಲ್ಲ.

ಹೊರಗಿನ ಭಯವೂ ಸುಮ್ಮನೆ ಹುಟ್ಟಿದ್ದಲ್ಲ. ಲಾಂಗ್ ಐಲೆಂಡಿನ ಜಮೈಕಾ ಎಂಬ ಊರನ್ನು ನೋಡಿ. ಊರಿನವರು ತೆರಿಗೆ ಹಾಕಿಕೊಂಡು ಕಲ್ಲಿನ ಚರ್ಚು ಕಟ್ಟಿದ್ದರು, ಸಭಾಪಾಲಕನಿಗೆ ಮನೆ ಕೊಟ್ಟಿದ್ದರು. 1702ರಲ್ಲಿ ನ್ಯೂಯಾರ್ಕಿನಲ್ಲಿ ಸಾಂಕ್ರಾಮಿಕ ರೋಗ ಬಂದಾಗ ಕಾರ್ನ್‌ಬರಿ ಅಲ್ಲಿಗೆ ಹೋಗಿ ಆ ಮನೆಯಲ್ಲೇ ಇಳಿದುಕೊಂಡ. ಅಲ್ಲಿನ ಸಭಾಪಾಲಕ ಹಬರ್ಡ್ ಮರ್ಯಾದೆಗೆ ಬಿಟ್ಟುಕೊಟ್ಟಿದ್ದರು. ಹೊರಡುವಾಗ ಕಾರ್ನ್‌ಬರಿ ಮನೆಯನ್ನು ಆಂಗ್ಲಿಕನ್ನರಿಗೆ ವಹಿಸಿದ. ಚರ್ಚೂ ಅವರ ಕೈಸೇರಿತು. ಬಿಡಿಸಿಕೊಳ್ಳಲು ಸುಮಾರು ಕಾಲು ಶತಮಾನದ ವ್ಯಾಜ್ಯ ಬೇಕಾಯಿತು. ಸ್ವಾಧೀನ ಒಬ್ಬರದು, ಪತ್ರ ಅಸ್ಪಷ್ಟ, ಅಧಿಕಾರ ಇನ್ನೊಬ್ಬರ ಕಡೆ ಎಂದಾದರೆ ಹೀಗಾಗುತ್ತದೆ. ಇದು ವಾಲ್ ಸ್ಟ್ರೀಟಿನವರ ಕಣ್ಣೆದುರಿನ ಉದಾಹರಣೆ.

ಅದಕ್ಕೇ ಅವರು ಸನ್ನದಿಗೆ ಅರ್ಜಿ ಹಾಕಿದರು. ಮೊದಲು ಆಗ ಅಧಿಕಾರ ನಡೆಸುತ್ತಿದ್ದ ಕರ್ನಲ್ ಸ್ಕೈಲರ್ ಮುಂದೆ. ಆಂಗ್ಲಿಕನ್ನರ ಆಕ್ಷೇಪಣೆಯಿಂದ ಬಿತ್ತು. ಆಮೇಲೆ ಗವರ್ನರ್ ಬರ್ನೆಟ್ ಮುಂದೆ. ಅವರು ತಮ್ಮ ಮಂಡಳಿಗೆ ಕಳಿಸಿದರು, ಮತ್ತೆ ಆಕ್ಷೇಪಣೆ, ಕಡತ ಲಂಡನ್ನಿಗೆ ಹೋಯಿತು. ಅಲ್ಲಿ ರಿಚರ್ಡ್ ವೆಸ್ಟ್ ಎಂಬ ವಕೀಲರು 1724ರ ಆಗಸ್ಟ್ 20ರಂದು ಕೊಟ್ಟ ಅಭಿಪ್ರಾಯ ಚೊಕ್ಕವಾಗಿದೆ: ಎಲ್ಲರೂ ಇಂಗ್ಲೆಂಡ್ ಚರ್ಚಿನ ಕ್ರಮದಲ್ಲೇ ಆರಾಧಿಸಬೇಕು ಎನ್ನುವ ಇಂಗ್ಲೆಂಡಿನ ಏಕರೂಪ ಆರಾಧನೆಯ ಕಾಯ್ದೆಗಳು ನ್ಯೂಯಾರ್ಕಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಬೇರೆ ಪಂಥದವರಿಗೆ ವಿನಾಯಿತಿ ಕೊಡುವ ಸಹಿಷ್ಣುತಾ ಕಾಯ್ದೆಯ ಅಗತ್ಯವೂ ಅಲ್ಲಿ ಇಲ್ಲ, ಪ್ರಾಂತ್ಯದ ಸ್ವಂತ ಕಾಯ್ದೆಯೂ ಅಡ್ಡಿಯಿಲ್ಲ, ಕೇಳಿದ ಸನ್ನದನ್ನು ಕಾನೂನುಪ್ರಕಾರ ಕೊಡಬಹುದು. ಕೊಡಬಹುದು ಎಂದರು. ಆದರೂ ಕೊಡಲಿಲ್ಲ. ಕಚೇರಿಯ ಕಡತ ಓದಿ ಅಭ್ಯಾಸವಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಗ ಅವರು ಹಿಡಿದ ದಾರಿ ನನಗಂತೂ ಬಹಳ ಜಾಣತನದ್ದು ಎನಿಸುತ್ತದೆ. 1730ರ ಮಾರ್ಚ್ 16ರ ದಿನಾಂಕದ ಪತ್ರದಲ್ಲಿ ಜಾಗ ಮತ್ತು ಚರ್ಚಿನ ಪೂರ್ಣ ಹಕ್ಕು ಹೊಂದಿದ್ದವರು ಅದನ್ನು ಸ್ಕಾಟ್ಲೆಂಡ್ ಚರ್ಚಿನ ಹುದ್ದೆದಾರರಿಗೆ ಬರೆದುಕೊಟ್ಟರು. ಆ ಚರ್ಚಿನ ಅತ್ಯುನ್ನತ ಮಂಡಳಿಯಾದ ಮಹಾಸಭೆಯ ಅಧ್ಯಕ್ಷರು, ಎಡಿನ್‌ಬರೋ ಪ್ರೆಸ್ಬಿಟರಿಯ (ಒಂದು ಪ್ರದೇಶದ ಚರ್ಚುಗಳ ಆಡಳಿತ ಮಂಡಳಿಯ) ಅಧ್ಯಕ್ಷರು, ಎಡಿನ್‌ಬರೋ ಕಾಲೇಜಿನ ಪ್ರಿನ್ಸಿಪಾಲರು, ಅಲ್ಲಿನ ದೈವಶಾಸ್ತ್ರದ ಪ್ರಾಧ್ಯಾಪಕರು, ಚರ್ಚಿನ ವಕೀಲರು ಮತ್ತು ಏಜೆಂಟರು. ಇವರಿಗೆ, ಮತ್ತು ಆ ಹುದ್ದೆಗೆ ಮುಂದೆ ಬರುವವರಿಗೆ. ಮನುಷ್ಯ ಸಾಯುತ್ತಾನೆ, ಹುದ್ದೆ ಸಾಯುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಪ್ರೆಸ್ಬಿಟೇರಿಯನ್ ಚರ್ಚೇ ಸರ್ಕಾರ ಒಪ್ಪಿದ ಚರ್ಚು. ನ್ಯೂಯಾರ್ಕಿನಲ್ಲಿ ಅನುಮತಿಗೆ ಅಲೆಯುತ್ತಿದ್ದ ಸಭೆಯ ಆಸ್ತಿ ಈಗ ಯಾವ ಗವರ್ನರನೂ ಹಗುರವಾಗಿ ಮುಟ್ಟಲಾಗದವರ ಕೈಯಲ್ಲಿತ್ತು.

ಹಾಗಾದರೆ ನಾಳೆ ಎಡಿನ್‌ಬರೋದವರೇ ನಮ್ಮದು ಎಂದರೆ? ಅದಕ್ಕೂ ಪತ್ರ ಉಂಟು. 1731ರ ಮೇ 8ರ ಮಹಾಸಭೆಯ ನಿರ್ಣಯದಂತೆ 1732ರ ಆಗಸ್ಟ್ 15ರಂದು ಮೊಹರು ಒತ್ತಿ ಸಹಿ ಮಾಡಿದ ಒಂದು ಘೋಷಣಾಪತ್ರ ಬಂತು. ಅದರಲ್ಲಿ ಸ್ಕಾಟ್ಲೆಂಡ್ ಚರ್ಚಿನವರು ಹೇಳಿದ್ದರ ಸಾರ: ಹಕ್ಕು ನಮಗೆ ಬಂದಿದ್ದರೂ ಕಟ್ಟಡ ಯಾವ ಧರ್ಮಕಾರ್ಯಕ್ಕೆ ಆಯಿತೋ ಅದಕ್ಕೇ ಉಳಿಯಲಿ. ನ್ಯೂಯಾರ್ಕಿನಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಈಗ ಇರುವ, ಮುಂದೆ ಬರುವ ಪ್ರೆಸ್ಬಿಟೇರಿಯನ್ನರು ಮತ್ತು ಅವರೊಡನೆ ಸೇರುವವರು ಎಂದೆಂದಿಗೂ ಬಳಸಲಿ. ದುರಸ್ತಿ, ನಿರ್ವಹಣೆ ಅವರ ಖರ್ಚಿನಲ್ಲಿ. ಇಷ್ಟು. ಎರಡು ಪತ್ರವನ್ನೂ ಜೊತೆಗಿಟ್ಟು ಓದಬೇಕು. ಮೊದಲನೆಯದನ್ನು ಮಾತ್ರ ನೋಡಿದವರು ಚರ್ಚನ್ನು ಸ್ಕಾಟ್ಲೆಂಡಿಗೆ ಕೊಟ್ಟುಬಿಟ್ಟರು ಎಂದು ಬರೆಯುತ್ತಾರೆ. ಎರಡನೆಯದನ್ನು ಮಾತ್ರ ನೋಡಿದವರು ಸ್ಕಾಟ್ಲೆಂಡಿನವರು ದಾನ ಕೊಟ್ಟರು ಎಂದು ಬರೆಯುತ್ತಾರೆ.

ಇಲ್ಲಿ ದಿನಾಂಕದ ಬಗ್ಗೆ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ, ಏಕೆಂದರೆ ಜನ ಎಡವುವುದು ಇಲ್ಲೇ. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಮತ್ತು ಅದರ ವಸಾಹತುಗಳಲ್ಲಿ ಕಾನೂನಿನ ಹೊಸ ವರ್ಷ ಮಾರ್ಚ್ 25ಕ್ಕೆ. ಹಾಗಾಗಿ ನ್ಯೂಯಾರ್ಕಿನ ಪತ್ರದಲ್ಲಿ ಮಾರ್ಚ್ 16, 1730 ಎಂದಿದ್ದರೆ ಆ ಲೆಕ್ಕದಲ್ಲಿ ಅದು ವರ್ಷದ ಕೊನೆಯ ದಿನಗಳು; ನಮ್ಮ ಈಗಿನ ಲೆಕ್ಕಕ್ಕೆ 1731. ಸ್ಕಾಟ್ಲೆಂಡ್ ಮಾತ್ರ 1600ರಿಂದಲೇ ಜನವರಿ 1ಕ್ಕೆ ಬದಲಾಗಿತ್ತು, ಆದ್ದರಿಂದ ಎಡಿನ್‌ಬರೋದ ದಿನಾಂಕಗಳಲ್ಲಿ ಈ ಇಸವಿಯ ತೊಡಕಿಲ್ಲ. ನ್ಯೂಯಾರ್ಕಿನ ಪತ್ರಕ್ಕೂ ಎಡಿನ್‌ಬರೋದ ನಿರ್ಣಯಕ್ಕೂ ನಡುವೆ 53 ದಿನವೋ, ಒಂದು ವರ್ಷ ಮತ್ತು 53 ದಿನವೋ ಎಂದು ತೀರ್ಮಾನಿಸಲು ಪತ್ರದ ತಲೆಯಲ್ಲಿರುವ ರಾಜನ ಆಳ್ವಿಕೆಯ ವರ್ಷ ನೋಡಬೇಕು. ಎರಡನೇ ಜಾರ್ಜ್ ಪಟ್ಟಕ್ಕೆ ಬಂದದ್ದು 1727ರ ಜೂನ್ 11. ಮೂರನೇ ವರ್ಷ ಎಂದಿದ್ದರೆ ಆ ಮಾರ್ಚ್ ನಮ್ಮ 1730, ನಾಲ್ಕನೇ ವರ್ಷ ಎಂದಿದ್ದರೆ 1731. ಶಾಸನದಲ್ಲಿ ಶಕವರ್ಷಕ್ಕೂ ಸಂವತ್ಸರಕ್ಕೂ ತಾಳೆ ನೋಡುವವರಿಗೆ ಇದು ಹೊಸತಲ್ಲ. ಪುಸ್ತಕದಲ್ಲಿ ಬೇರೆಯವರು ತಿದ್ದಿ ಬರೆದ ಇಸವಿಯನ್ನು ಮತ್ತೆ ತಿದ್ದಬೇಡಿ, ಎರಡು ಸಲ ತಿದ್ದಿದರೆ ಒಂದು ವರ್ಷ ಮುಂದೆ ಹೋಗುತ್ತದೆ.

ಇನ್ನು ಹುಡುಕುವ ಕ್ರಮ. ಹಳೇ ನೋಂದಣಿ ಸೂಚಿಯಲ್ಲಿ ಪ್ರೆಸ್ಬಿಟೇರಿಯನ್ ಚರ್ಚು ಎಂದು ಹುಡುಕಿದರೆ ಏನೂ ಸಿಗುವುದಿಲ್ಲ, ಆಗ ದಾಖಲೆಯೇ ಇಲ್ಲ ಎಂದು ಬರೆದುಬಿಡುತ್ತಾರೆ. ಆ ಕಾಲಕ್ಕೆ ಚರ್ಚು ವ್ಯಕ್ತಿಯೇ ಅಲ್ಲವಲ್ಲ. ಕೊಂಡವರ ಸೂಚಿಯಲ್ಲಿ ನಿಕೊಲ್, ಮಕ್‌ನೈಟ್, ಲಿವಿಂಗ್‌ಸ್ಟನ್, ಸ್ಮಿತ್ ಹೀಗೆ ಒಂದೊಂದೇ ಹೆಸರು ತೆಗೆಯಿರಿ. ಆಮೇಲೆ ಅದೇ ಹೆಸರುಗಳನ್ನು ಮಾರಿದವರ ಸೂಚಿಯಲ್ಲಿ ನೋಡಿ, ಹಕ್ಕು ಹೊರಗೆ ಹೋದದ್ದು ಅಲ್ಲಿ ಕಾಣುತ್ತದೆ. ಅಕ್ಕಪಕ್ಕದ ನಿವೇಶನಗಳ ಪತ್ರವನ್ನೂ ತೆಗೆಸಿ. ಅವುಗಳ ಚೆಕ್ಕುಬಂದಿಯಲ್ಲಿ ಇಂಥ ಕಡೆಗೆ ಪ್ರೆಸ್ಬಿಟೇರಿಯನ್ ಮಂದಿರದ ಜಾಗ ಎಂದು ಬರುತ್ತದೆ. ಚರ್ಚಿನ ಸ್ವಂತ ಪತ್ರ ಕಳೆದಿದ್ದರೂ ನೆರೆಯವರ ಪತ್ರ ಸಾಕ್ಷಿ ಹೇಳುತ್ತದೆ. ಬರೆದ ದಿನಾಂಕ ಬೇರೆ, ನೋಂದಣಿಯ ದಿನಾಂಕ ಬೇರೆ. ವರ್ಷಗಟ್ಟಲೆ ತಡವಾಗಿ ನೋಂದಾಯಿಸಿದ ಪತ್ರಗಳು ಬೇಕಾದಷ್ಟಿವೆ, ಆದ್ದರಿಂದ ಕೊಂಡ ವರ್ಷದ ಸಂಪುಟ ಒಂದನ್ನೇ ತಿರುವಿ ಕೈಬಿಡಬೇಡಿ.

ಆ ಕಾಲದ ಕ್ರಯ ಎಷ್ಟೋ ಸಲ ಎರಡು ಪತ್ರಗಳಲ್ಲಿ ನಡೆಯುತ್ತಿತ್ತು. ಮೊದಲ ದಿನ ಐದು ಷಿಲಿಂಗಿಗೆ ಒಂದು ವರ್ಷದ ಗುತ್ತಿಗೆ, ವರ್ಷದ ಬಾಡಿಗೆ ಕೇಳಿದರೆ ಒಂದು ಮೆಣಸಿನ ಕಾಳು. ಮರುದಿನ ಬಿಡುಗಡೆ ಪತ್ರ, ನಿಜವಾದ ಬೆಲೆ ಅದರಲ್ಲಿ. ಜಾಗದ ಮೇಲೆ ನಿಂತು ಮಣ್ಣು ಒಪ್ಪಿಸುವ ಹಳೇ ವಿಧಿ ತಪ್ಪಿಸಲು ವಕೀಲರು ಕಂಡುಕೊಂಡ ಉಪಾಯ ಇದು. ಮೊದಲ ಪತ್ರ ಮಾತ್ರ ಉಳಿದಿದ್ದರೆ, ಸಭೆಯವರು ಒಂದು ವರ್ಷಕ್ಕೆ ಬಾಡಿಗೆಗೆ ಇದ್ದರು ಎಂದು ತಪ್ಪಾಗಿ ಓದುತ್ತೀರಿ.

ಹಣದಲ್ಲೂ ಜೋಪಾನ. ಪೌಂಡು ಎಂದರೆ ಲಂಡನ್ನಿನ ಪೌಂಡಲ್ಲ. ನ್ಯೂಯಾರ್ಕಿನ ಲೆಕ್ಕದಲ್ಲಿ ಒಂದು ಸ್ಪ್ಯಾನಿಷ್ ಡಾಲರಿಗೆ 8 ಷಿಲಿಂಗು, ಇಂಗ್ಲೆಂಡಿನಲ್ಲಿ ನಾಲ್ಕೂವರೆ. ಹಾಗಾಗಿ ನ್ಯೂಯಾರ್ಕಿನ 100 ಪೌಂಡು ಇಂಗ್ಲೆಂಡಿನ ಸುಮಾರು 56 ಪೌಂಡಿಗೆ ಸಮ. ಸಭೆ ಬೆಳೆದು ಎರಡನೇ ಕಟ್ಟಡ ಬೇಕಾದಾಗ ಬೀಕ್‌ಮನ್ ಸ್ಟ್ರೀಟಿನ ಬಳಿ ನಗರಸಭೆಯಿಂದ ವರ್ಷಕ್ಕೆ 40 ಪೌಂಡಿನ ಶಾಶ್ವತ ಗುತ್ತಿಗೆಗೆ ಜಾಗ ಹಿಡಿದರು. ಈ ಲೆಕ್ಕದಲ್ಲಿ ಅದು 100 ಡಾಲರು. 1768ರ ಜನವರಿ 1ರಂದು ತೆರೆದ ಇಟ್ಟಿಗೆ ಚರ್ಚು ಅದು, ಹೆಸರೂ ಬ್ರಿಕ್ ಚರ್ಚು ಎಂದೇ. ಅದರ ನೆಲದ ಮಾಲೀಕರು ನಗರಸಭೆ, ಮೇಲಿನ ಕಟ್ಟಡ ಸಭೆಯದು. ವಾಲ್ ಸ್ಟ್ರೀಟಿನದು ಎಡಿನ್‌ಬರೋ, ಇಲ್ಲಿಯದು ನಗರಸಭೆ. ಅಷ್ಟು ಹೊತ್ತಿಗೆ ಸಾವಿರಕ್ಕೂ ಮೇಲೆ ಜನರಿದ್ದ ಸಭೆ, ಸ್ವಂತ ಹೆಸರಿನಲ್ಲಿ ಒಂದಡಿ ನೆಲ ಇಲ್ಲ. 1766ರಲ್ಲಿ ರಾಜನಿಗೇ ನೇರ ಅರ್ಜಿ ಹಾಕಿದರು, 1767ರಲ್ಲಿ ತಿರಸ್ಕಾರವಾಯಿತು.

ಅಮೆರಿಕದ ಸ್ವಾತಂತ್ರ್ಯ ಯುದ್ಧ ಬಂತು. ಬ್ರಿಟಿಷ್ ಸೈನ್ಯ ವಾಲ್ ಸ್ಟ್ರೀಟ್ ಚರ್ಚನ್ನು ಸಿಪಾಯಿಗಳ ವಾಸಕ್ಕೆ ಬಳಸಿತು. ಎರಡೂ ಕಟ್ಟಡ ಹಾಳಾದವು. ಯುದ್ಧ ಮುಗಿದ ಮೇಲೆ, ದುರಸ್ತಿಯಾಗುವ ತನಕ, ಆರಾಧನೆಗೆ ತಮ್ಮ ಉಪಚರ್ಚುಗಳನ್ನು (ಚಾಪೆಲ್) ಬಿಟ್ಟುಕೊಟ್ಟವರು ಯಾರು ಗೊತ್ತೆ? ಸನ್ನದಿಗೆ ಅಷ್ಟು ಕಾಲ ಅಡ್ಡ ನಿಂತಿದ್ದ ಅದೇ ಟ್ರಿನಿಟಿ ಚರ್ಚಿನವರು.

1784ರ ಏಪ್ರಿಲ್ 6ರಂದು ನ್ಯೂಯಾರ್ಕ್ ಶಾಸನಸಭೆ ಎಲ್ಲ ಪಂಥಗಳಿಗೂ ಒಂದೇ ಕಾಯ್ದೆ ತಂದಿತು. ಸನ್ನದು ಬೇಡಬೇಕಿಲ್ಲ, ಕ್ರಮ ಪಾಲಿಸಿದರೆ ಸಾಕು. ಕನಿಷ್ಠ 15 ದಿನ ಮುಂಚೆ ನೋಟಿಸು, ಎರಡು ಭಾನುವಾರ ಒಂದರ ಹಿಂದೊಂದು ಸಭೆಯಲ್ಲಿ ಓದಬೇಕು. ಮೂರರಿಂದ ಒಂಬತ್ತು ಧರ್ಮದರ್ಶಿಗಳನ್ನು ಆರಿಸಬೇಕು. ಚುನಾವಣೆ ನಡೆಸಿದವರು ಸಹಿ ಮೊಹರಿನ ಪ್ರಮಾಣಪತ್ರವನ್ನು ಕೌಂಟಿ ಗುಮಾಸ್ತರ ಕಚೇರಿಯ ಪುಸ್ತಕದಲ್ಲಿ ದಾಖಲಿಸಬೇಕು. ಪ್ರತಿ ವರ್ಷ ಮೂರನೇ ಒಂದು ಪಾಲು ಧರ್ಮದರ್ಶಿಗಳು ಇಳಿಯಬೇಕು. ವರ್ಷದ ಆದಾಯದ ಮಿತಿ 1200 ಪೌಂಡು, ಅಂದರೆ 3000 ಡಾಲರು. ಇದರೊಳಗೆ ಒಂದು ವಾಕ್ಯ ಇದೆ, ಅದನ್ನು ಹುಡುಕಿ ಓದಿ: ಆಸ್ತಿ ನೇರವಾಗಿ ಸಭೆಗೆ ಬಂದಿರಲಿ, ಸಭೆಯ ಉಪಯೋಗಕ್ಕೆಂದು ಬೇರೆಯವರ ಹೆಸರಿನಲ್ಲಿ ಇರಲಿ, ಧರ್ಮದರ್ಶಿಗಳು ಅದನ್ನು ವಶಕ್ಕೆ ತೆಗೆದುಕೊಳ್ಳಬಹುದು. 1732ರ ಘೋಷಣಾಪತ್ರದಲ್ಲಿ ಬಳಕೆ ನ್ಯೂಯಾರ್ಕಿನವರದು ಎಂದು ಬರೆಸಿಟ್ಟುಕೊಂಡದ್ದಕ್ಕೆ ಬೆಲೆ ಬಂದದ್ದು ಇಲ್ಲಿ.

ಈ ಕಾಯ್ದೆಯ ನಂತರ ದಾಖಲೆಗಳು ಎರಡು ಕವಲಾಗುತ್ತವೆ. ಸಭಾಪಾಲಕರು ಮತ್ತು ಹಿರಿಯರ ಸಭೆಯ ನಡವಳಿ ಒಂದು: ದೀಕ್ಷಾಸ್ನಾನ, ಸದಸ್ಯತ್ವ, ಶಿಸ್ತು. ಧರ್ಮದರ್ಶಿಗಳ ನಡವಳಿ ಇನ್ನೊಂದು: ಜಾಗ, ಸಾಲ, ಆಸನದ ಬಾಡಿಗೆ, ಸಂಬಳ. ಆಸನದ ಪುಸ್ತಕ ಸಿಕ್ಕರೆ ಬಿಡಬೇಡಿ. ಯಾವ ಮನೆಯವರು ಎಲ್ಲಿ ಕೂರುತ್ತಿದ್ದರು, ಎಷ್ಟು ಕೊಡುತ್ತಿದ್ದರು, ಯಾರು ಬಾಕಿ ಉಳಿಸಿಕೊಂಡರು ಎಲ್ಲ ಅದರಲ್ಲಿದೆ. ಬ್ರಿಕ್ ಚರ್ಚಿನ ಮೊದಲ ದಶಕಗಳನ್ನು ಹುಡುಕುವವರು ವಾಲ್ ಸ್ಟ್ರೀಟಿನ ಪುಸ್ತಕ ನೋಡಬೇಕು, ಏಕೆಂದರೆ 1809ರವರೆಗೆ ಎರಡಕ್ಕೂ ಹಿರಿಯರ ಸಭೆ ಒಂದೇ.

ಬೆಂಗಳೂರಿನವರು ಕೇಳುವ ಪ್ರಶ್ನೆ ಒಂದಿದೆ. ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚು ಕೂಡ ಸ್ಕಾಟ್ಲೆಂಡ್ ಪರಂಪರೆಯದು, 1864ರಲ್ಲಿ ಅಡಿಗಲ್ಲು, 1866ರಲ್ಲಿ ಆರಂಭ, ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ಇಂಥ ಚರ್ಚಿನ ಹಳೇ ಕಾಗದಕ್ಕೆ ಎಲ್ಲಿ ಹೋಗಬೇಕು? ಕಂಟೋನ್ಮೆಂಟ್ ಜಾಗವಾದ್ದರಿಂದ ಸೇನೆಯ ಮತ್ತು ಸರ್ಕಾರದ ಕಡತ ಮೊದಲು. ಸ್ಕಾಟ್ಲೆಂಡ್ ಚರ್ಚಿನ ಮಹಾಸಭೆಯ ಕಾಗದಗಳು ಎಡಿನ್‌ಬರೋದ ರಾಷ್ಟ್ರೀಯ ದಾಖಲೆಗಳ ಕಚೇರಿಯಲ್ಲಿ ಸಿಎಚ್ 1 ಎಂಬ ಸರಣಿಯಲ್ಲಿವೆ, ಪ್ರೆಸ್ಬಿಟರಿ ಮತ್ತು ಸ್ಥಳೀಯ ಸಭೆಗಳವು ಸಿಎಚ್ 2ರಲ್ಲಿ. 1947ರ ನಂತರದ್ದಕ್ಕೆ, ಸಿಎಸ್‌ಐ ಆಸ್ತಿ ಹಿಡಿಯಲೆಂದು ಆ ವರ್ಷ ಕಂಪನಿಯಾಗಿ ನೋಂದಾಯಿಸಿದ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿ ಹುಡುಕಬೇಕು. ಖಾತೆಯಲ್ಲಿ ಚರ್ಚಿನ ಹೆಸರು ಕಂಡರೆ ಅಲ್ಲಿಗೇ ನಿಲ್ಲಬೇಡಿ. ಖಾತೆ ತೆರಿಗೆಗೆ, ಹಕ್ಕು ಮೂಲಪತ್ರದಲ್ಲಿ.

ಕೊನೆಗೆ, ಕಟ್ಟಡವನ್ನೂ ಜಾಗವನ್ನೂ ಒಂದೇ ಕಡತದಲ್ಲಿ ಹುಡುಕಬೇಡಿ. ವಾಲ್ ಸ್ಟ್ರೀಟಿನ ಚರ್ಚು 1834ರಲ್ಲಿ ಸುಟ್ಟಿತು, ಮತ್ತೆ ಕಟ್ಟಿದರು. 1840ರ ದಶಕದಲ್ಲಿ ಸಭೆ ಫಿಫ್ತ್ ಅವೆನ್ಯೂಗೆ ಹೊರಟಿತು, ಅಲ್ಲಿನ ಚರ್ಚು 1846ರಲ್ಲಿ ತೆರೆಯಿತು. ಹಳೇ ಕಟ್ಟಡವನ್ನು ಕಲ್ಲು ಕಲ್ಲಾಗಿ ಬಿಚ್ಚಿ ನದಿಯಾಚೆ ಜರ್ಸಿ ಸಿಟಿಯಲ್ಲಿ ಇನ್ನೊಂದು ಪ್ರೆಸ್ಬಿಟೇರಿಯನ್ ಸಭೆಗೆ ಕಟ್ಟಿಕೊಟ್ಟರು. ಹಾಗಾಗಿ ನೆಲದ ಮುಂದಿನ ಕಥೆ ನ್ಯೂಯಾರ್ಕಿನ ನೋಂದಣಿ ಸಂಪುಟಗಳಲ್ಲಿದೆ, ಕಲ್ಲುಗಳದ್ದು ನ್ಯೂಜೆರ್ಸಿಯಲ್ಲಿ, ಸಭೆಯ ನಡವಳಿ ಫಿಫ್ತ್ ಅವೆನ್ಯೂ ಸಭೆಯ ಪುಸ್ತಕಗಳಲ್ಲಿ.